ಮೆಣಸಿನ ಚೀಲ ಕಳುವಾದರೆ ಮುಂದೇನು? ಮಕ್ಕಳಿಗೆ ಠಾಣೆಯಿಂದ ಕೋರ್ಟಿನವರೆಗಿನ ದಾರಿ

ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಸುಮ್ನೆ ಒಂದು ಪ್ರಶ್ನೆ ಕೇಳಿ ನೋಡಿ. ಕಳ್ಳತನ ಮಾಡಿದವನಿಗೆ ಶಿಕ್ಷೆ ಕೊಡುವುದು ಯಾರು? ಅರ್ಧ ಕ್ಲಾಸು ಯೋಚನೆಯನ್ನೇ ಮಾಡದೆ 'ಪೊಲೀಸ್' ಅನ್ನುತ್ತದೆ. ಇನ್ನರ್ಧ 'ಜಡ್ಜ್' ಅಂದರೂ, ಜಡ್ಜ್ ಮುಂದೆ ಹೋಗಿ ನಿಲ್ಲುವಷ್ಟರಲ್ಲಿ ಅವನು ಕಳ್ಳ ಅಂತ ಗೊತ್ತಾಗಿಯೇ ಇರುತ್ತದೆ, ಎಷ್ಟು ವರ್ಷ ಜೈಲು ಅನ್ನುವುದೊಂದೇ ಬಾಕಿ, ಅನ್ನುವುದು ಅವರ ಲೆಕ್ಕ. ಮಕ್ಕಳ ತಪ್ಪಲ್ಲ ಬಿಡಿ. ಟಿವಿಯಲ್ಲಿ ತೋರಿಸುವುದು ಹಾಗೆ, ಮನೆಯಲ್ಲಿ ದೊಡ್ಡವರು ಮಾತಾಡುವುದೂ ಹಾಗೆ.

ನಾನು ಮೂಡಿಗೆರೆ ಕಡೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಸುಪ್ರೀಂ ಕೋರ್ಟು ಮೇಲೆ, ಹೈಕೋರ್ಟು ಅದರ ಕೆಳಗೆ, ಜಿಲ್ಲಾ ಕೋರ್ಟು ಇನ್ನೂ ಕೆಳಗೆ ಅಂತ ಚಿತ್ರ ಬರೆಸಿದರೆ ಪರೀಕ್ಷೆಗೆ ಸಾಕು. ಆದರೆ ನಾಳೆ ಇದೇ ಮಕ್ಕಳ ಅಣ್ಣನನ್ನೋ ಅಪ್ಪನನ್ನೋ ಠಾಣೆಗೆ ಕರೆದರೆ, ಅಥವಾ ಅವರ ಮನೆಯದ್ದೇ ಏನಾದರೂ ಕಳುವಾದರೆ, ಆ ಚಿತ್ರ ಯಾವ ಕೆಲಸಕ್ಕೂ ಬರುವುದಿಲ್ಲ. ಅದಕ್ಕೇ ನಾನು ಒಂದು ಕೇಸು ಕಟ್ಟಿಕೊಂಡೆ. ಪೂರ್ತಿ ಕಲ್ಪನೆಯದ್ದು, ಆದರೆ ನಮ್ಮೂರಲ್ಲೇ ನಡೆದಿದೆ ಅನ್ನಿಸುವಂಥದ್ದು. ಆ ಕೇಸಿನ ಕಾಗದ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಾಗ ಪ್ರತಿ ಸಲ ಮಕ್ಕಳಿಗೆ ಒಂದೇ ಪ್ರಶ್ನೆ ಕೇಳುತ್ತೇನೆ: "ಈಗ ತೀರ್ಮಾನ ಯಾರ ಕೈಯಲ್ಲಿದೆ?"

ಕೇಸು ಇಷ್ಟೇ. ಒಂದು ಕಾಫಿ ತೋಟದ ಕಣ. ಒಣಗಿದ ಕಾಳುಮೆಣಸನ್ನು ಚೀಲಕ್ಕೆ ತುಂಬಿ, ಟಾರ್ಪಾಲ್ ಮುಚ್ಚಿ ಇಟ್ಟಿದ್ದಾರೆ. ಬೆಳಿಗ್ಗೆ ನೋಡಿದರೆ 50 ಕಿಲೋದ ಒಂದು ಚೀಲ ಇಲ್ಲ. ಕಿಲೋಗೆ 500 ರೂಪಾಯಿ ಅಂತ ಹಿಡಿದರೂ 25,000 ರೂಪಾಯಿ. ರಾತ್ರಿ ಹನ್ನೊಂದರ ಹೊತ್ತಿಗೆ ಪಕ್ಕದ ತೋಟದ ಲೈನ್ ಮನೆಯ (ತೋಟದ ಕೆಲಸಗಾರರ ಸಾಲು ಮನೆಯ) 19 ವರ್ಷದ ಹುಡುಗ ಬೈಕಿನಲ್ಲಿ ಏನೋ ಇಟ್ಟುಕೊಂಡು ಹೋಗಿದ್ದನ್ನು ನೋಡಿದೆ ಅಂತ ವಾಚ್‌ಮನ್ ಹೇಳುತ್ತಾನೆ. ತೋಟದ ಮಾಲೀಕರು ಠಾಣೆಗೆ ಹೋಗುತ್ತಾರೆ.

ಠಾಣೆಯಲ್ಲಿ ದೂರು ಬರೆದುಕೊಳ್ಳುವವರನ್ನು ರೈಟರ್ ಅನ್ನುತ್ತಾರೆ ಅಂದಾಗ ಮಕ್ಕಳಿಗೆ ಖುಷಿ. ತೋಟದಲ್ಲೂ ರೈಟರ್ ಇರುತ್ತಾರಲ್ವಾ, ಆಳುಗಳ ಹಾಜರಿ ಬರೆಯುವವರು! ಠಾಣೆಯ ರೈಟರ್ ಬರೆಯುವುದು ಬೇರೆ. ಪಿರ್ಯಾದುದಾರರು ಹೇಳಿದ್ದನ್ನು ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಂಡು ಎಫ್‌ಐಆರ್ ದಾಖಲು ಮಾಡುತ್ತಾರೆ. ಅದರ ಒಂದು ಪ್ರತಿಯನ್ನು ಪಿರ್ಯಾದುದಾರರಿಗೆ ಉಚಿತವಾಗಿ ಕೊಡಬೇಕು. ಯಾವ ಠಾಣೆಗೆ ಬೇಕಾದರೂ ಹೋಗಬಹುದು. ಜಾಗ ಆ ಠಾಣೆಯ ವ್ಯಾಪ್ತಿಗೆ ಬರದಿದ್ದರೆ ಅವರು 'ಜೀರೋ ಎಫ್‌ಐಆರ್' ಮಾಡಿ ಸರಿಯಾದ ಠಾಣೆಗೆ ಕಳಿಸಬೇಕು. ಆನ್‌ಲೈನಿನಲ್ಲಿ ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಠಾಣೆಯವರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಎಸ್‌ಪಿಗೆ ಅಂಚೆಯಲ್ಲಿ ಬರೆದು ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್, ಅಂದರೆ ಕೆಳಗಿನ ಕೋರ್ಟಿನ ಜಡ್ಜ್, ಹತ್ತಿರ ಹೋಗಬಹುದು.

ಇಲ್ಲೊಂದು ಒಳ್ಳೆಯ ತಿರುವು ಇದೆ. ಕಳುವಾಗಿದ್ದು ಒಂದು ಚೀಲ ಅಲ್ಲ, ಬರೀ ಐದು ಕಿಲೋ ಅಂದುಕೊಳ್ಳಿ. ಬೆಲೆ 5,000 ರೂಪಾಯಿಗಿಂತ ಕಮ್ಮಿ. ಆಗ ಅದು ಪೊಲೀಸರು ತಾವಾಗಿಯೇ ತನಿಖೆ ಮಾಡುವ ಅಪರಾಧ ಅಲ್ಲವೇ ಅಲ್ಲ. ಮ್ಯಾಜಿಸ್ಟ್ರೇಟ್ ಅಪ್ಪಣೆ ಬೇಕು. ಮೊದಲ ಸಲ ಸಿಕ್ಕಿಬಿದ್ದವನು ಮಾಲು ವಾಪಸ್ ಕೊಟ್ಟರೆ ಶಿಕ್ಷೆಯೂ ಜೈಲಲ್ಲ, ಸಮುದಾಯ ಸೇವೆ. ಅಂದರೆ ಊರಿಗೆ ಉಪಯೋಗ ಆಗುವ ಒಂದು ಕೆಲಸವನ್ನು ಸಂಬಳ ಇಲ್ಲದೆ ಮಾಡಬೇಕು. ಇದು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹೊಸದಾಗಿ ಸೇರಿದ ಶಿಕ್ಷೆ. 1860ರ ಹಳೇ ದಂಡ ಸಂಹಿತೆಯ ಜಾಗಕ್ಕೆ ಬಂದ ಕಾನೂನು ಇದು. 511 ಸೆಕ್ಷನ್ ಇದ್ದದ್ದು 358 ಆಗಿದೆ. ಅಜ್ಜಂದಿರು ಇನ್ನೂ '302 ಕೇಸು', 'ಅವನೊಬ್ಬ ಫೋರ್ ಟ್ವೆಂಟಿ' ಅಂತಲೇ ಹೇಳುತ್ತಾರೆ. ಈಗ ಕೊಲೆ 103, ಮೋಸ 318, ಕಳ್ಳತನ 303. ಅದಕ್ಕೂ ಮೊದಲು ನಡೆದ ಅಪರಾಧಗಳಿಗೆ ಹಳೇ ನಂಬರೇ ಇರುತ್ತದೆ, ಹಾಗಾಗಿ ಇನ್ನೂ ಎಷ್ಟೋ ವರ್ಷ ಎರಡೂ ನಂಬರು ಕಿವಿಗೆ ಬೀಳುತ್ತವೆ.

ಸರಿ, ಎಫ್‌ಐಆರ್‌ನಲ್ಲಿ ಆ ಹುಡುಗನ ಹೆಸರು ಬಂತು. ಈಗ ತೀರ್ಮಾನ ಯಾರ ಕೈಯಲ್ಲಿದೆ?

ಮೊದಲ ವರ್ಷ ಈ ಪಾಠ ಮಾಡಿದಾಗ ಮಕ್ಕಳನ್ನು ಐದು ಗುಂಪು ಮಾಡಿ, ಎಫ್‌ಐಆರ್ ಓದಿಸಿ, ನಿಮಗೆ ಏನನ್ನಿಸುತ್ತದೆ ಬರೆಯಿರಿ ಅಂದೆ. ಐದಕ್ಕೆ ಐದು ಗುಂಪೂ 'ಅವನೇ ಕಳ್ಳ' ಅಂತ ಬರೆದವು. ಯಾಕೆ ಅಂತ ಕೇಳಿದರೆ ಒಬ್ಬ ಎದ್ದು ನಿಂತು, "ಲೈನ್ ಮನೆಯವನಲ್ವಾ ಮಿಸ್" ಅಂದ. ಅವನಿಗೆ ಕೆಟ್ಟ ಮನಸ್ಸು ಖಂಡಿತ ಇರಲಿಲ್ಲ. ಆದರೆ ಅದೇ ಕ್ಲಾಸಿನ ಕೊನೇ ಬೆಂಚಿನಲ್ಲಿ ಲೈನ್ ಮನೆಯಿಂದ ಬರುವ ಇಬ್ಬರು ಹುಡುಗಿಯರಿದ್ದರು. ಅವರು ತಲೆ ತಗ್ಗಿಸಿದ್ದನ್ನು ನಾನು ನೋಡಿದೆ. ಕೇಸು ಕಟ್ಟುವಾಗ ಅವರ ಬಗ್ಗೆ ನಾನು ಯೋಚಿಸಬೇಕಿತ್ತು. ಆಮೇಲಿಂದ ಯಾರು ಯಾವ ಪಾತ್ರ ಅನ್ನುವುದನ್ನು ಚೀಟಿ ಎತ್ತಿಸಿಯೇ ನಿರ್ಧಾರ ಮಾಡುತ್ತೇನೆ. ತೋಟದ ಮನೆಯ ಮಗ ಆರೋಪಿಯ ಪರ ವಕೀಲ ಆಗುತ್ತಾನೆ, ಲೈನ್ ಮನೆಯ ಹುಡುಗಿ ಜಡ್ಜ್ ಆಗುತ್ತಾಳೆ. ಬೇರೆ ಟೀಚರ್‌ಗಳು ಈ ಪಾಠ ಮಾಡುವುದಾದರೆ ಇದೊಂದನ್ನು ಮಾತ್ರ ಮರೆಯಬೇಡಿ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಪ್ರವಾಸಕ್ಕೆ ಅಂತ ಸೇರಿಸಿದ್ದ ದುಡ್ಡು ಕಾಣೆಯಾಯಿತು. ಒಬ್ಬನೇ ಹುಡುಗನ ಚೀಲವನ್ನು ಎಲ್ಲರೆದುರು ಸುರಿದರು. ಏನೂ ಸಿಗಲಿಲ್ಲ. ಮಾರನೇ ದಿನದಿಂದ ಅವನು ಶಾಲೆಗೆ ಬರಲಿಲ್ಲ. ಅವನು ತೆಗೆದಿದ್ದನೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಆದರೂ ಊರವರ ಬಾಯಲ್ಲಿ ಅವನು ಕಳ್ಳನಾಗಿಯೇ ಉಳಿದ.

ಎಫ್‌ಐಆರ್ ಅಂದರೆ ಪೊಲೀಸರಿಗೆ ಮುಟ್ಟಿದ ಮೊದಲ ಸುದ್ದಿ, ಅಷ್ಟೇ. ಅದರಲ್ಲಿ ಹೆಸರಿದ್ದರೆ ಅವನ ಬಗ್ಗೆ ವಿಚಾರಿಸಬೇಕು ಅಂತ ಅರ್ಥ. ಆ ಹೊತ್ತಿಗೆ ಅವನನ್ನು ಆರೋಪಿ ಅನ್ನಬಹುದು, ಅಪರಾಧಿ ಅನ್ನುವ ಹಾಗಿಲ್ಲ. ಈ ಎರಡು ಪದಗಳ ನಡುವಿನ ದೂರವನ್ನೇ ನಾನು ಇಡೀ ವಾರ ಪಾಠ ಮಾಡುವುದು.

ಮುಂದೆ ತನಿಖೆ. ಪೊಲೀಸರು ಕಣಕ್ಕೆ ಬಂದು ಸ್ಥಳ ಮಹಜರು ಮಾಡುತ್ತಾರೆ, ಅಂದರೆ ಅಲ್ಲಿ ಕಂಡದ್ದನ್ನು ಬರೆದಿಡುತ್ತಾರೆ. ಊರಿನ ಇಬ್ಬರು ಪಂಚರು (ಸಾಕ್ಷಿಗೆ ನಿಲ್ಲುವವರು) ಎದುರಿಗಿರಬೇಕು, ನೋಡಿದ್ದಕ್ಕೆ ಸಹಿ ಹಾಕಬೇಕು. ಓದದೆ ಸಹಿ ಹಾಕಬಾರದು ಅಂತ ಮಕ್ಕಳಿಗೆ ಒತ್ತಿ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಪಂಚರು ಆಮೇಲೆ ಕೋರ್ಟಿಗೆ ಬಂದು 'ನನಗೇನೂ ಗೊತ್ತಿಲ್ಲ ಸ್ವಾಮಿ, ಸಹಿ ಹಾಕು ಅಂದ್ರು ಹಾಕಿದೆ' ಅನ್ನುತ್ತಾರೆ. ಈಗಿನ ಕಾನೂನಿನಲ್ಲಿ ಶೋಧನೆ, ಜಪ್ತಿ ಎರಡನ್ನೂ ವಿಡಿಯೋ ಮಾಡಬೇಕು. ಸಾಕ್ಷಿಗಳ ಹೇಳಿಕೆಯನ್ನು ಪೊಲೀಸರು ಬರೆದುಕೊಳ್ಳುತ್ತಾರೆ, ಅದಕ್ಕೆ ಸಾಕ್ಷಿ ಸಹಿ ಹಾಕಬೇಕಾಗಿಲ್ಲ.

ನಮ್ಮ ಕೇಸಿನಲ್ಲಿ ಆ ಹುಡುಗ ಪೊಲೀಸರ ಮುಂದೆ, "ನಾನೇ ಕದ್ದೆ, ಚೀಲ ಹಳ್ಳದ ಪಕ್ಕ ಪೊದೆಯಲ್ಲಿ ಇಟ್ಟಿದ್ದೀನಿ" ಅನ್ನುತ್ತಾನೆ. ಪೊಲೀಸರು ಹೋಗಿ ನೋಡಿದರೆ ಚೀಲ ಅಲ್ಲೇ ಇರುತ್ತದೆ. ಇಷ್ಟು ಹೇಳಿದ ಕೂಡಲೇ ಕ್ಲಾಸಿನಲ್ಲಿ ಗದ್ದಲ. "ಒಪ್ಕೊಂಡ ಅಂದ್ಮೇಲೆ ಮುಗೀತಲ್ವಾ ಮಿಸ್?"

ಮುಗಿಯಲಿಲ್ಲ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಯನ್ನು ಕೋರ್ಟಿನಲ್ಲಿ ಅವನ ವಿರುದ್ಧ ಸಾಕ್ಷ್ಯವಾಗಿ ಬಳಸುವ ಹಾಗಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲೂ ಹೀಗೇ ಇತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಹೀಗೇ ಇದೆ. ಬ್ರಿಟಿಷರ ಕಾಲದಲ್ಲೇ ಗೊತ್ತಿತ್ತು: ಮುಚ್ಚಿದ ಕೋಣೆಯಲ್ಲಿ, ಹೆದರಿಸಿದರೆ, ಹೊಡೆದರೆ, ಯಾರು ಬೇಕಾದರೂ ಏನು ಬೇಕಾದರೂ ಒಪ್ಪಿಕೊಳ್ಳುತ್ತಾರೆ. ಆ ದಾರಿಯಿಂದ ಲಾಭವೇ ಇಲ್ಲ ಅಂತಾದರೆ ಹೊಡೆಯುವುದಕ್ಕೆ ಕಾರಣವೂ ಕಮ್ಮಿಯಾಗಬೇಕು ಅನ್ನುವುದು ಲೆಕ್ಕ. ಸಂವಿಧಾನದ 20(3)ನೇ ವಿಧಿಯೂ ಇದರ ಜೊತೆಗಿದೆ. ಆರೋಪಿಯನ್ನು ಅವನ ವಿರುದ್ಧವೇ ಸಾಕ್ಷಿ ಹೇಳು ಅಂತ ಬಲವಂತ ಮಾಡುವ ಹಾಗಿಲ್ಲ. ಇದಕ್ಕೊಂದು ಸಣ್ಣ ಬಾಗಿಲು ಬಿಟ್ಟಿದ್ದಾರೆ. ಅವನು ಹೇಳಿದ ಮಾತಿನಿಂದಲೇ ಒಂದು ವಸ್ತು ಸಿಕ್ಕಿದರೆ, ಆ ವಸ್ತು ಸಿಗುವುದಕ್ಕೆ ಕಾರಣವಾದ ಮಾತಿನ ತುಣುಕನ್ನು ಮಾತ್ರ ಕೋರ್ಟು ನೋಡಬಹುದು. 'ಚೀಲ ಪೊದೆಯಲ್ಲಿದೆ' ನಿಲ್ಲುತ್ತದೆ, 'ನಾನೇ ಕದ್ದೆ' ನಿಲ್ಲುವುದಿಲ್ಲ. ಬೋರ್ಡಿನ ಮೇಲೆ ಇಡೀ ವಾಕ್ಯ ಬರೆದು, ಡಸ್ಟರಿನಿಂದ ಆ ಎರಡು ಪದ ಒರೆಸಿ ತೋರಿಸುತ್ತೇನೆ. ಉಳಿದ ಸಾಲನ್ನು ಮಕ್ಕಳು ಓದಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತಿರುತ್ತಾರೆ.

ಒಬ್ಬಳು ಬಿಡಲಿಲ್ಲ. "ಆದ್ರೂ ಮೆಣಸು ಸಿಕ್ತಲ್ಲ ಮಿಸ್?" ಆಗ ಹಿಂದಿನಿಂದ ಇನ್ನೊಬ್ಬ, "ಮೆಣಸೆಲ್ಲ ಒಂದೇ ಥರ ಕಾಣ್ಸುತ್ತೆ. ಚೀಲದ ಮೇಲೆ ತೋಟದ ಮಾರ್ಕ್ ಇತ್ತಾ?" ಅಂದ. ಎಷ್ಟು ಒಳ್ಳೆಯ ಪ್ರಶ್ನೆ ನೋಡಿ! ಆ ಮೆಣಸು ಇದೇ ಕಣದ್ದು ಅಂತ ಹೇಗೆ ಗೊತ್ತು? ಅವನೇ ಇಟ್ಟನೋ, ಬೇರೆಯವರು ಇಟ್ಟಿದ್ದನ್ನು ನೋಡಿದ್ದನೋ? ಇದನ್ನೆಲ್ಲ ಮುಂದೆ ಕೋರ್ಟಿನಲ್ಲಿ ಕೇಳುತ್ತಾರೆ.

ಬಂಧನದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಆದರೆ ಇದು ಪ್ರತಿ ಮಗುವಿಗೂ ಬಾಯಿಪಾಠ ಇರಬೇಕು. ಇಂಥ ಕಳ್ಳತನಕ್ಕೆ, ಮೊದಲ ಸಲವಾದರೆ, ಹೆಚ್ಚೆಂದರೆ 3 ವರ್ಷ ಶಿಕ್ಷೆ. ಏಳು ವರ್ಷದವರೆಗೆ ಶಿಕ್ಷೆ ಇರುವ ಅಪರಾಧಗಳಲ್ಲಿ ದೂರು ಬಂದ ಕೂಡಲೇ ಕೈ ಹಿಡಿದು ಎಳೆದೊಯ್ಯುವ ಹಾಗಿಲ್ಲ, ಯಾಕೆ ಬಂಧಿಸಬೇಕು ಅನ್ನುವ ಕಾರಣ ಪೊಲೀಸರ ಹತ್ತಿರ ಬರಹದಲ್ಲಿರಬೇಕು, ಇಲ್ಲದಿದ್ದರೆ ನೋಟಿಸ್ ಕೊಟ್ಟು ಕರೆಸಬೇಕು ಅಂತ 2014ರಲ್ಲಿ ಅರ್ನೇಶ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಬಂಧಿಸಿದರೆ ಕಾರಣ ಹೇಳಬೇಕು. ಮನೆಯವರಿಗೋ ಸ್ನೇಹಿತರಿಗೋ ತಿಳಿಸಬೇಕು. ದಾರಿಯ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಇದು ಸಂವಿಧಾನದ 22ನೇ ವಿಧಿಯ ಮಾತು, ಯಾರ ದಯೆಯೂ ಅಲ್ಲ. ಹೆಂಗಸರನ್ನು ತೀರಾ ಅನಿವಾರ್ಯ ಅಲ್ಲದಿದ್ದರೆ ಸೂರ್ಯ ಮುಳುಗಿದ ಮೇಲೆ, ಹುಟ್ಟುವುದಕ್ಕೆ ಮೊದಲು ಬಂಧಿಸುವಂತಿಲ್ಲ. ನಮ್ಮ ಕೇಸಿನಂಥದ್ದರಲ್ಲಿ 60 ದಿನದೊಳಗೆ ಚಾರ್ಜ್‌ಶೀಟ್ (ಪೊಲೀಸರ ಆರೋಪ ಪಟ್ಟಿ) ಬರದಿದ್ದರೆ, ಜಾಮೀನು ಕೊಡಲು ಸಿದ್ಧ ಇರುವ ಆರೋಪಿಯನ್ನು ಬಿಡಲೇಬೇಕು. ಇಲ್ಲಿ ನನ್ನ ಪ್ರಶ್ನೆಗೆ ಮಕ್ಕಳು ಸರಿಯಾಗಿ ಉತ್ತರ ಕೊಡಲು ಶುರು ಮಾಡುತ್ತಾರೆ. 24 ಗಂಟೆ ಆಯಿತು, ಈಗ ತೀರ್ಮಾನ ಪೊಲೀಸರ ಕೈಯಿಂದ ಹೋಯಿತು!

ವಕೀಲರಿಗೆ ದುಡ್ಡಿಲ್ಲದಿದ್ದರೆ? ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವ ಯಾರಿಗೇ ಆದರೂ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಇದನ್ನು ಹೇಳುತ್ತದೆ. ಸಹಾಯವಾಣಿ 15100. ಈ ನಂಬರನ್ನು ನೋಟ್ ಬುಕ್ಕಿನ ಹಿಂದಿನ ಪುಟದಲ್ಲಿ, ಮಕ್ಕಳ ಸಹಾಯವಾಣಿ 1098ರ ಪಕ್ಕದಲ್ಲಿ ಬರೆಸುತ್ತೇನೆ.

ಈಗ ಮಕ್ಕಳು ಕೇಳಿಯೇ ಕೇಳುತ್ತಾರೆ, ಅವನಿಗೆ 17 ವರ್ಷ ಆಗಿದ್ದರೆ? ಆಗ ದಾರಿಯೇ ಬೇರೆ. 2015ರ ಬಾಲ ನ್ಯಾಯ ಕಾಯ್ದೆ ಬರುತ್ತದೆ. ಇಂಥ ಸಣ್ಣ ಅಪರಾಧಕ್ಕೆ ಮಗುವಿನ ಮೇಲೆ ಎಫ್‌ಐಆರ್ ಕೂಡ ಹಾಕುವುದಿಲ್ಲ, ದೊಡ್ಡವರ ಜೊತೆ ಸೇರಿ ಮಾಡಿದ್ದರೆ ಮಾತ್ರ ಬೇರೆ. ಠಾಣೆಯ ಡೈರಿಯಲ್ಲಿ ಬರೆದು, ಮಗುವಿನ ಮನೆಯ ಪರಿಸ್ಥಿತಿಯ ವರದಿ ಮಾಡಿ ಬಾಲ ನ್ಯಾಯ ಮಂಡಳಿಗೆ ಕಳಿಸುತ್ತಾರೆ. ಕೈಗೆ ಕೋಳ ಹಾಕುವಂತಿಲ್ಲ, ಲಾಕಪ್ಪಿನಲ್ಲಿ ಇಡುವಂತಿಲ್ಲ. ಮಂಡಳಿಯಲ್ಲಿ ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಸೇವಕರು, ಅವರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ಮಗುವಿನ ಹೆಸರು, ಫೋಟೋ, ಶಾಲೆಯ ಹೆಸರು ಯಾವುದನ್ನೂ ಪತ್ರಿಕೆಯಲ್ಲಿ ಹಾಕುವಂತಿಲ್ಲ. ವಾಟ್ಸಾಪಿನಲ್ಲೂ ಹಾಕಬಾರದು ಅಂತ ನಾನು ಸೇರಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮಲ್ಲಿ ಸುದ್ದಿ ಹರಡುವುದು ಅಲ್ಲೇ ಜಾಸ್ತಿ.

ತನಿಖೆ ಮುಗಿದ ಮೇಲೆ ಪೊಲೀಸರು ಒಂದು ವರದಿ ಕೊಡಬೇಕು. ಸಾಕ್ಷ್ಯ ಇದೆ ಅಂದರೆ ಚಾರ್ಜ್‌ಶೀಟ್. ದೂರೇ ಸುಳ್ಳು ಅಥವಾ ತಪ್ಪು ತಿಳುವಳಿಕೆ ಅಂದರೆ ಬಿ ರಿಪೋರ್ಟ್. ಕಳುವಾಗಿದ್ದು ನಿಜ, ಕಳ್ಳ ಪತ್ತೆಯಾಗಲಿಲ್ಲ ಅಂದರೆ ಸಿ ರಿಪೋರ್ಟ್. ಯಾವ ರಿಪೋರ್ಟ್ ಕೊಟ್ಟರೂ ಒಪ್ಪುವುದು ಬಿಡುವುದು ಮ್ಯಾಜಿಸ್ಟ್ರೇಟ್‌ಗೆ ಬಿಟ್ಟದ್ದು. ಕೋರ್ಟಿನಲ್ಲಿ ಕೇಸು ನಡೆಸುವವರು ಪೊಲೀಸರಲ್ಲ, ಸರ್ಕಾರಿ ಅಭಿಯೋಜಕರು. ಕೇಸಿನ ಹೆಸರಲ್ಲೂ ತೋಟದ ಮಾಲೀಕರಿಲ್ಲ, ಒಂದು ಕಡೆ ರಾಜ್ಯ, ಇನ್ನೊಂದು ಕಡೆ ಆರೋಪಿ. ಕಳುವಾಗಿದ್ದು ನಮ್ಮ ಮೆಣಸು, ರಾಜ್ಯ ಯಾಕೆ ಬಂತು ಅಂತ ಕೇಳಿದರೆ, ಒಬ್ಬರ ಕಣದಲ್ಲಿ ಕಳುವಾದರೆ ಆ ಸುತ್ತಿನ ಎಲ್ಲ ಕಣದವರೂ ರಾತ್ರಿ ನಿದ್ದೆ ಬಿಡುತ್ತಾರಲ್ವಾ, ಅದಕ್ಕೆ ಅನ್ನುತ್ತೇನೆ.

ವಿಚಾರಣೆಯ ಪಾಠಕ್ಕೆ ನಾನು ಪುಸ್ತಕ ಮುಟ್ಟುವುದಿಲ್ಲ. ಒಂದು ದಿನ ಪಾಠದ ಮಧ್ಯೆ ಬಿಸಿಯೂಟದ ಅಕ್ಕ ಒಳಗೆ ಬಂದು, ಟೇಬಲ್ ಮೇಲಿದ್ದ ನನ್ನ ಕೊಡೆ ತೆಗೆದುಕೊಂಡು ಹೋದರು. ಮೊದಲೇ ಮಾತಾಡಿಕೊಂಡಿದ್ದೆವು. ನಾನು ಪಾಠ ಮುಂದುವರಿಸಿದೆ. ಮಾರನೇ ದಿನ, ನಿನ್ನೆ ಏನಾಯಿತು ಬರೆಯಿರಿ ಅಂದೆ. ಕೊಡೆ ಕಪ್ಪು ಅಂದರು, ನೀಲಿ ಅಂದರು, ಒಬ್ಬ ಹೂವಿನ ಚಿತ್ರ ಇತ್ತು ಅಂದ. ಅಕ್ಕ ನನ್ನನ್ನು ಕೇಳಿ ತೆಗೆದುಕೊಂಡರು ಅಂತ ಕೆಲವರು, ಕೇಳಲೇ ಇಲ್ಲ ಅಂತ ಕೆಲವರು. ಸ್ವೆಟರ್ ಹಾಕಿದ್ದರು ಅಂತ ಸುಮಾರು ಜನ ಬರೆದರು. ಆವತ್ತು ಹಾಕಿರಲಿಲ್ಲ, ಆದರೆ ದಿನಾ ಹಾಕುತ್ತಾರೆ! ಒಬ್ಬಳು ಮಾತ್ರ 'ನಾನು ಬರೆಯುತ್ತಿದ್ದೆ, ನೋಡಲಿಲ್ಲ' ಅಂತ ಬರೆದಿದ್ದಳು.

ಆಮೇಲೆ ಒಬ್ಬೊಬ್ಬರನ್ನೇ ನಿಲ್ಲಿಸಿ ಬೇರೆಯವರಿಂದ ಪಾಟಿ ಸವಾಲು ಮಾಡಿಸಿದೆ. ನೀನು ಎಲ್ಲಿ ಕೂತಿದ್ದೆ? ನಿನ್ನ ಮುಂದೆ ಯಾರಿದ್ದರು? ಬಾಗಿಲು ಕಾಣುತ್ತಿತ್ತಾ? ಹೂವಿನ ಚಿತ್ರ ಅಂದವನಿಗೆ ಅಳುವೇ ಬಂತು. "ನಾನು ಸುಳ್ಳು ಹೇಳ್ತಿಲ್ಲ ಮಿಸ್!" ಹೌದು ಕಣೋ, ನೀನು ಸುಳ್ಳು ಹೇಳುತ್ತಿಲ್ಲ ಅಂದೆ. ನಿಜ ಹೇಳುತ್ತಿದ್ದೇನೆ ಅಂತ ನಂಬಿಕೊಂಡೇ ತಪ್ಪು ಹೇಳಬಹುದು. ವಕೀಲರು ಸಾಕ್ಷಿಯನ್ನು ಹಾಗೆ ತಿರುಗಿಸಿ ತಿರುಗಿಸಿ ಕೇಳುವುದು ಅವಮಾನ ಮಾಡುವುದಕ್ಕಲ್ಲ, ಈ ತಪ್ಪನ್ನು ಹುಡುಕುವುದಕ್ಕೆ. ಈಗ ನಮ್ಮ ವಾಚ್‌ಮನ್ ಕಡೆ ತಿರುಗಿ. ರಾತ್ರಿ ಹನ್ನೊಂದು ಗಂಟೆ, ಮಲೆನಾಡಿನ ಮಂಜು, ಓಡುತ್ತಿರುವ ಬೈಕು. ಮುಖ ನೋಡಿದನಾ, ಬೈಕು ನೋಡಿ ಅವನೇ ಅಂದುಕೊಂಡನಾ? ಪ್ರಶ್ನೆಗಳನ್ನು ಮಕ್ಕಳೇ ಹುಡುಕಿದರು, ನಾನು ಹೇಳಿಕೊಡಬೇಕಾಗಲಿಲ್ಲ. ಸಂಶಯಕ್ಕೆ ಎಡೆಯಿಲ್ಲದ ಹಾಗೆ ಸಾಬೀತು ಮಾಡಬೇಕು, ಆ ಹೊರೆ ಸರ್ಕಾರದ ಮೇಲಿದೆ ಅನ್ನುವ ಮಾತು ಆವತ್ತು ಅವರಿಗೆ ಹಿಡಿಸಿತು.

ಒಂದು ಸಲ ಕೋರ್ಟಿಗೂ ಕರೆದುಕೊಂಡು ಹೋಗಿ. ಮೊದಲೇ ಅರ್ಜಿ ಕೊಟ್ಟು ಅನುಮತಿ ತೆಗೆದುಕೊಂಡರೆ ಒಳ್ಳೆಯದು, ಆದರೆ ಕೋರ್ಟು ಸಾರ್ವಜನಿಕರಿಗೆ ತೆರೆದ ಜಾಗ, ಅತ್ಯಾಚಾರದಂಥ ಕೆಲವು ಕೇಸು ಬಿಟ್ಟರೆ ಯಾರು ಬೇಕಾದರೂ ಹಿಂದೆ ಕೂತು ನೋಡಬಹುದು. ನಮ್ಮ ಮಕ್ಕಳು ಮೊದಲು ಹುಡುಕಿದ್ದು ಜಡ್ಜ್ ಕೈಯಲ್ಲಿ ಸುತ್ತಿಗೆ. ಇರಲಿಲ್ಲ. 'ಆರ್ಡರ್ ಆರ್ಡರ್' ಅಂತ ಯಾರೂ ಕೂಗಲಿಲ್ಲ. ಅಟೆಂಡರ್ ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಿದ್ದರು, ಒಂದಾದ ಮೇಲೆ ಒಂದು ಕೇಸಿಗೆ ಮುಂದಿನ ವಾಯಿದೆ ಬೀಳುತ್ತಿತ್ತು. ಮಕ್ಕಳಿಗೆ ಬೇಜಾರಾಯಿತು, ನನಗೂ ಆಗುತ್ತದೆ. ಸಾಕ್ಷಿ ಬಂದಿಲ್ಲ, ಸಮನ್ಸ್ ಮುಟ್ಟಿಲ್ಲ, ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ. ಆ ಒಂದೊಂದು ವಾಯಿದೆಗೂ ಯಾರೋ ಒಬ್ಬರು ಕೂಲಿ ಬಿಟ್ಟು ಬಸ್ಸು ಹತ್ತಿ ಬಂದಿರುತ್ತಾರೆ, ಇದನ್ನು ಮಕ್ಕಳಿಂದ ಮುಚ್ಚಿಡಬಾರದು. ಅವತ್ತೇ ಇನ್ನೊಂದನ್ನೂ ನೋಡಿದರು. ಕೈ ಮುಗಿದು ನಿಂತಿದ್ದ ಒಬ್ಬರನ್ನು ಜಡ್ಜ್, "ವಕೀಲರಿದ್ದಾರಾ?" ಅಂತ ಕೇಳಿದರು. "ಇಲ್ಲ ಸ್ವಾಮಿ, ದುಡ್ಡಿಲ್ಲ." ಉಚಿತ ವಕೀಲರನ್ನು ಕೊಡಿಸುವಂತೆ ಅಲ್ಲೇ ಬರೆಸಿದರು. ನನ್ನ ಪಕ್ಕದಲ್ಲಿದ್ದ ಹುಡುಗಿ ಮೆಲ್ಲಗೆ, "15100" ಅಂದಳು.

ವಾಪಸ್ ಬಂದ ಮೇಲೆ ಕ್ಲಾಸಿನ ಜಡ್ಜ್‌ಗಳು ತೀರ್ಪು ಬರೆದರು. ಐದು ಗುಂಪಿನಲ್ಲಿ ಮೂರು, ಸಾಕ್ಷ್ಯ ಸಾಲದು ಅಂತ ಬಿಡುಗಡೆ ಮಾಡಿದವು. ಎರಡು, ಚೀಲದ ಮಾರ್ಕನ್ನು ನಂಬಿ ಅಪರಾಧಿ ಅಂದವು. ಎರಡೂ ಥರದ ತೀರ್ಪಿನಲ್ಲೂ ಕಾರಣ ಬರೆದಿದ್ದರು, ನನಗೆ ಬೇಕಿದ್ದದ್ದು ಅದು. ಯಾವುದು ಸರಿ ಅಂತ ನಾನು ಹೇಳಲಿಲ್ಲ. ತೀರ್ಪು ಒಪ್ಪದವರಿಗೆ ಮೇಲಿನ ಕೋರ್ಟು ಇದೆ. ಇಲ್ಲಿಂದ ಚಿಕ್ಕಮಗಳೂರಿನ ಸೆಷನ್ಸ್ ಕೋರ್ಟಿಗೆ, ಅಲ್ಲಿಂದ ಬೆಂಗಳೂರಿನ ಹೈಕೋರ್ಟಿಗೆ. ಆ ಹಳೇ ಚಿತ್ರವನ್ನು ಆಗ ಬರೆಸಿದೆ.

ಪುಸ್ತಕ ಮುಚ್ಚುವಾಗ, ಆವರೆಗೂ ಬಾಯಿ ಬಿಡದಿದ್ದ ಒಬ್ಬ ಕೈ ಎತ್ತಿದ. ಅವರ ಮನೆಯಲ್ಲಿ ಎರಡು ಎಕರೆ ತೋಟ ಇದೆ. "ಮಿಸ್, ಕೇಸು ಮುಗಿಯೋವರೆಗೂ ಮೆಣಸು ಠಾಣೇಲೇ ಇದ್ರೆ ಬೂಷ್ಟು ಹಿಡಿಯಲ್ವಾ?"

ಹಿಡಿಯುತ್ತದೆ. ಜಪ್ತಿ ಮಾಡಿದ ಮಾಲು ಠಾಣೆಯಲ್ಲಿ ಕೊಳೆಯಬಾರದು ಅಂತ ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಪೊಲೀಸರು, ಕೋರ್ಟುಗಳು ಕೇಸನ್ನು ಹೇಗೆ ನಡೆಸಬೇಕು ಅಂತ ಹೇಳುವ ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಮಾಲು ಕೋರ್ಟಿನ ಮುಂದೆ ಬಂದ 14 ದಿನದೊಳಗೆ ಅದರ ವಿವರ ಬರೆದಿಡಬೇಕು, ಫೋಟೋ ಇಲ್ಲವೇ ವಿಡಿಯೋ ತೆಗೆಸಬೇಕು, ಆ ಮೇಲೆ 30 ದಿನದೊಳಗೆ ಅದನ್ನು ಏನು ಮಾಡಬೇಕು ಅಂತ ಆದೇಶ ಮಾಡಬೇಕು. ಮಾಲೀಕರು ಅರ್ಜಿ ಹಾಕಿ, ಬಾಂಡ್ ಬರೆದುಕೊಟ್ಟು ತೆಗೆದುಕೊಂಡು ಹೋಗಬಹುದು. ಇಷ್ಟು ಹೇಳಿ, ಆ ಅರ್ಜಿ ನೀನೇ ಬರೆದುಕೊಂಡು ಬಾ ಅಂದೆ. ಮಾರನೇ ದಿನ ತಂದ. ಒಂದು ಪುಟ, ಮಾನ್ಯ ಮ್ಯಾಜಿಸ್ಟ್ರೇಟ್ ಸಾಹೇಬರಿಗೆ ಅಂತ ಶುರು. ಚೀಲದ ತೂಕ, ಮಾರ್ಕು, ಕಣದ ಜಾಗ ಎಲ್ಲ ಸರಿಯಾಗಿತ್ತು. ಕೊನೇ ಸಾಲು ಹೀಗಿತ್ತು: "ಮಳೆ ಹಿಡಿದರೆ ಒಣಗಿಸಲು ಆಗುವುದಿಲ್ಲ, ಆದ್ದರಿಂದ ಮೇ ತಿಂಗಳ ಒಳಗೆ ಕೊಡಿಸಬೇಕಾಗಿ ವಿನಂತಿ."